ಮೊದಲು ಮಷಿನ್ ಯಾವುದು ಹೇಳಿ, ಗೇಮ್ ಆಮೇಲೆ

ನಮ್ಮದೊಂದು ಚಿಕ್ಕ ಗುಂಪು. ಎಲ್ಲರಿಗೂ ಹಳೇ ವಿಡಿಯೋ ಗೇಮ್ ಹುಚ್ಚು. ವಾರಕ್ಕೊಂದು ರಾತ್ರಿ ಯಾರಾದರೂ ಒಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅದು ಯಾವ ಗೇಮ್ ಅಂತ ಉಳಿದವರು ಹೇಳಬೇಕು. ಯಾವ ಮಷಿನ್, ಅಂದರೆ ಯಾವ ಕಂಪ್ಯೂಟರ್ ಇಲ್ಲವೇ ಟಿವಿಗೆ ಹಾಕುವ ಗೇಮ್ ಪೆಟ್ಟಿಗೆ ಅಂತಲೂ ಹೇಳಿದರೆ ಪೂರ್ತಿ ಅಂಕ. ಮೊದಲು ಹೇಳಿದವರದು ಮುಂದಿನ ಚಿತ್ರ. ಟೈಟಲ್ ಸ್ಕ್ರೀನ್ ಹಾಕುವಂತಿಲ್ಲ, ಗೂಗಲ್‌ಗೆ ಚಿತ್ರ ಕೊಟ್ಟು ಹುಡುಕುವಂತಿಲ್ಲ. ಅಷ್ಟೇ ನಿಯಮ.

ಹೊಸಬರು ಸೇರಿದಾಗಲೆಲ್ಲ ಕೇಳುವುದು ಒಂದೇ: "ಅಷ್ಟೊಂದು ಗೇಮ್ ಹೆಂಗೆ ನೆನಪಿಟ್ಕೊಳ್ತೀರಾ?" ನೆನಪಿನ ಕೆಲಸ ಇಲ್ಲಿ ಕಮ್ಮಿ. ನಾನು ಮುಟ್ಟಿಯೇ ಇರದ ಗೇಮ್‌ಗಳನ್ನೂ ಎಷ್ಟೋ ಸಲ ಹೇಳಿದ್ದೇನೆ. ಚಿತ್ರ ಬಂದಾಗ ನಾನು ಹೀರೋ ಯಾರು, ಎದುರಾಳಿ ಯಾರು ಅಂತ ನೋಡುವುದಿಲ್ಲ. ಬಣ್ಣ ನೋಡುತ್ತೇನೆ. ಆ ಕಾಲದ ಒಂದೊಂದು ಮಷಿನ್‌ಗೂ ಒಂದೊಂದು ಕೊರತೆ ಇತ್ತು. ಆ ಕೊರತೆ ಚಿತ್ರದಲ್ಲಿ ಕಾಣಿಸದೆ ಇರುವುದಿಲ್ಲ.

1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಗೊಳ್ಳಿ, ಬ್ರಿಟನ್ನಿನ ಮನೆ ಕಂಪ್ಯೂಟರ್. ಅದರಲ್ಲಿ 8×8 ಪಿಕ್ಸೆಲ್‌ನ ಒಂದು ಚೌಕಕ್ಕೆ ಎರಡೇ ಬಣ್ಣ. ಹಸಿರು ಗಿಡದ ಮುಂದೆ ಹಳದಿ ಮನುಷ್ಯ ಹಾದುಹೋದರೆ ಅವನ ಅರ್ಧ ಮೈಯೂ ಹಸಿರು! ಈ ರಗಳೆಯೇ ಬೇಡ ಅಂತ ಎಷ್ಟೋ ಜನ ಆಟ ನಡೆಯುವ ಜಾಗವನ್ನು ಒಂದೇ ಬಣ್ಣದಲ್ಲಿ ಮಾಡಿ, ಸುತ್ತ ಚಂದದ ಚೌಕಟ್ಟು ಬರೆದುಬಿಡುತ್ತಿದ್ದರು. ಅಂಥ ಚಿತ್ರ ಬಂದರೆ ಬ್ರಿಟನ್ ಅಂತ ಊಹಿಸಿಯೇ ಶುರು ಮಾಡುತ್ತೇನೆ. ಕಂದು, ಬೂದು ಬಣ್ಣ ಜಾಸ್ತಿ ಇದ್ದು, ಪಿಕ್ಸೆಲ್‌ಗಳು ಅಡ್ಡಕ್ಕೆ ಅಗಲವಾಗಿದ್ದರೆ ಕಮೊಡೋರ್ 64 ಅನ್ನುವ ಮನೆ ಕಂಪ್ಯೂಟರ್. ಕಪ್ಪು, ಬಿಳಿ, ಆಕಾಶನೀಲಿ, ಮಜೆಂಟಾ ಈ ನಾಲ್ಕೇ ಇದ್ದರೆ ಹಳೇ ಪಿಸಿಯ ಸಿಜಿಎ ಅನ್ನುವ ಗ್ರಾಫಿಕ್ಸ್ ಕಾರ್ಡ್. ಅದನ್ನು ಚಿಕ್ಕ ಮಕ್ಕಳೂ ಹೇಳುತ್ತಾರೆ.

ಹಂಗಂತ ಸಿಜಿಎ ಚಿತ್ರದಲ್ಲಿ ಗೇಮ್ ಹೇಳುವುದು ಸುಲಭ ಅಲ್ಲ. ಡೇಂಜರಸ್ ಡೇವ್ ಗೊತ್ತಲ್ಲ, ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಟೀಚರ್ ಆ ಕಡೆ ತಿರುಗಿದ ಕೂಡಲೇ ನಾವೆಲ್ಲ ತೆಗೆಯುತ್ತಿದ್ದ ಗೇಮ್. ಅದರ 1990ರ ಪಿಸಿ (ಡಾಸ್) ಆವೃತ್ತಿ ಸಿಜಿಎ, ಅದಾದ ಮೇಲೆ ಬಂದ ಹೆಚ್ಚು ಬಣ್ಣದ ಇಜಿಎ, ವಿಜಿಎ ಮೂರರಲ್ಲೂ ಓಡುತ್ತದೆ. ನಾವು ಆಡಿದ್ದು ವಿಜಿಎಯಲ್ಲಿ, ಕೆಂಪು ಇಟ್ಟಿಗೆ ಗೋಡೆಯ ಜೊತೆ. ಒಮ್ಮೆ ಅದನ್ನೇ ಸಿಜಿಎಯಲ್ಲಿ ತೆಗೆದು, ಮೇಲಿನ ಸ್ಕೋರ್ ಪಟ್ಟಿ ಕತ್ತರಿಸಿ ಹಾಕಿದೆ. ಬಾಲ್ಯವಿಡೀ ಡೇವ್ ಜೊತೆ ಕಳೆದವರೂ ಅಟಾರಿ, ಆಪಲ್ ಅಂತ ಸುತ್ತಾಡಿದರು. ಇಷ್ಟು ಖುಷಿ ಕೊಟ್ಟ ಚಿತ್ರ ನಾನು ಬೇರೊಂದು ಹಾಕಿಲ್ಲ.

ಜಪಾನಿನ ಫ್ಯಾಮಿಕಾಮ್ (ನಿಂಟೆಂಡೋ ಕಂಪನಿಯ, ಟಿವಿಗೆ ಹಾಕುವ ಗೇಮ್ ಪೆಟ್ಟಿಗೆ) ವಿಷಯಕ್ಕೆ ಬಂದರೆ ನಮ್ಮವರಿಗೆ ಒಂದು ಲಾಭ ಇದೆ, ಒಂದು ನಷ್ಟ ಇದೆ. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್‌ಗಳು ಹೆಚ್ಚಾಗಿ ಅದರ ನಕಲು. ಒಂದೇ ಕ್ಯಾಸೆಟ್‌ನಲ್ಲಿ ಲಕ್ಷಾಂತರ ಗೇಮ್ ಅಂತ ಬರೆದಿರುತ್ತಿತ್ತು, ಒಳಗೆ ಇದ್ದದ್ದನ್ನೇ ಬೇರೆ ಬೇರೆ ಹೆಸರಲ್ಲಿ ತಿರುಗಿಸಿ ಹಾಕಿರುತ್ತಿದ್ದರು. ಎಷ್ಟೋ ಗೇಮ್‌ಗಳ ಕಂಪನಿ ಹೆಸರನ್ನೂ ಅಳಿಸಿರುತ್ತಿದ್ದರು. ಹೀಗಾಗಿ ಅಮೆರಿಕದವರು ಕಂಡೇ ಇರದ ಜಪಾನಿ ಗೇಮ್‌ಗಳು ನಮಗೆ ಅಂಗೈರೇಖೆಯಷ್ಟು ಪರಿಚಯ, ಹೆಸರು ಮಾತ್ರ ಗೊತ್ತಿಲ್ಲ. ಎರಡು ಪೆಂಗ್ವಿನ್ ಕನ್ನಡಿಯೊಳಗಿನಂತೆ ಒಂದಕ್ಕೊಂದು ಉಲ್ಟಾ ನಡೆಯುವ ಆಟ ನೆನಪಿದೆಯಾ? ಅದು ಹಡ್ಸನ್ ಕಂಪನಿಯ ಬೈನರಿ ಲ್ಯಾಂಡ್, ಫ್ಯಾಮಿಕಾಮ್‌ಗೆ 1985ರಲ್ಲಿ ಬಂದದ್ದು. ನಮ್ಮ ಬೀದಿಯಲ್ಲಿ ಅದು 'ಜೋಡಿ ಪೆಂಗ್ವಿನ್'.

ಈಚೆಗೆ ಬಂದ ಒಂದು ಚಿತ್ರ ಹೇಳುತ್ತೇನೆ. ಗುಹೆಯಂಥ ಜಾಗ. ಚಾವಣಿಗೆ ಒಂದು ಪುಟ್ಟ ಪ್ರಾಣಿ ತಲೆಕೆಳಗಾಗಿ ಅಂಟಿಕೊಂಡಿದೆ. ಅಲ್ಲಲ್ಲಿ ಗೂಡಿನೊಳಗೆ ಹೃದಯದ ಗುರುತು. ಗೇಮ್ ನನಗೆ ತಕ್ಷಣ ಹೊಳೆಯಿತು. ನಾವು 'ಬಾಂಬ್ ಹಾಕೋ ಕೋಳಿಮರಿ' ಅನ್ನುತ್ತಿದ್ದೆವು. ಎಡಕ್ಕೆ ಎಸೆಯಲು ಒಂದು ಬಟನ್, ಬಲಕ್ಕೆ ಇನ್ನೊಂದು. ಗೂಡು ಸಿಡಿದರೆ ಹೃದಯ ಹಾರಿಹೋಗಿ ಬಾಗಿಲಿಗೆ ಅಡ್ಡ ಇರುವ ಗೋಡೆ ಒಡೆಯುತ್ತದೆ. ಟೈಟೊ ಕಂಪನಿಯ ಚ್ಯಾಕ್‌ನ್ ಪಾಪ್. ಇದರಲ್ಲಿನ ಒಂದು ಶತ್ರು ಮುಂದೆ 1986ರ ಬಬಲ್ ಬಾಬಲ್‌ನಲ್ಲೂ ಬರುತ್ತದೆ.

ಆದರೆ ನಮ್ಮಲ್ಲಿ ಮಷಿನ್ ಹೇಳದಿದ್ದರೆ ಪೂರ್ತಿ ಅಂಕ ಇಲ್ಲ. ಫ್ಯಾಮಿಕಾಮ್ ಅನ್ನೋಣ ಅಂದರೆ, ಅದರಲ್ಲಿ ಓಡಾಡುವ ಒಂದು ಗೊಂಬೆಗೆ, ಅಂದರೆ ಸ್ಪ್ರೈಟ್‌ಗೆ ಮೂರು ಬಣ್ಣ ಬಳಿಯಬಹುದು. ಇಲ್ಲಿ ಕೋಳಿಮರಿಗೆ ಇದ್ದದ್ದು ಒಂದೇ. ಅಳತೆಯೂ 256×192. ಫ್ಯಾಮಿಕಾಮ್ ಚಿತ್ರದ ಎತ್ತರ 240. ಉಳಿದದ್ದು ಎಂಎಸ್‌ಎಕ್ಸ್ ಅನ್ನುವ ಮನೆ ಕಂಪ್ಯೂಟರ್, ಇಲ್ಲವೇ ಸೆಗಾ ಕಂಪನಿಯ ಗೇಮ್ ಪೆಟ್ಟಿಗೆ ಎಸ್‌ಜಿ-1000. ಎರಡೂ 1983ರವು, ಎರಡರಲ್ಲೂ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಒಂದೇ ಜಾತಿಯ ವಿಡಿಯೋ ಚಿಪ್. ಬಣ್ಣವೂ ಅದೇ, ಕೊರತೆಯೂ ಅದೇ. ನಾನು ಎಂಎಸ್‌ಎಕ್ಸ್ ಅಂದೆ, ಹುಬ್ಬಳ್ಳಿಯ ಗೆಳೆಯ "ಅಲ್ಲೋ ಮಾರಾಯಾ, ಸೆಗಾ ಅದು" ಅಂದ. ಅರ್ಧ ರಾತ್ರಿವರೆಗೆ ಜಗಳ.

ನೀವೂ ಶುರು ಮಾಡುವುದಾದರೆ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ. ಅದು ಕುಗ್ಗಿಸಿ ಪಿಕ್ಸೆಲ್‌ಗಳನ್ನು ಕಲಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ದೊಡ್ಡದು ಮಾಡಬೇಕಿದ್ದರೆ ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು ಮಾಡಿ, ಒಂದೂವರೆ ಬೇಡ. ಮೊದಲ ಲೆವೆಲ್ ಎಲ್ಲರೂ ನೋಡಿರುತ್ತಾರೆ, ಕೊನೆಯದನ್ನು ಯಾರೂ ನೋಡಿರುವುದಿಲ್ಲ. ಎರಡನೆಯದು, ಮೂರನೆಯದು ಸರಿಯಾದ ಜಾಗ. ಇನ್ನು ಪಿಸಿ-98 ಅನ್ನುವ ಜಪಾನಿ ಕಂಪ್ಯೂಟರಿನ ಯಾವುದೋ ಮಾಜಾಂಗ್ (ಬಿಲ್ಲೆಗಳ ಆಟ) ಗೇಮ್ ತಂದು ಹಾಕಿ, ಯಾರೂ ಹೇಳಲಿಲ್ಲ ನೋಡಿ ಅಂತ ಮೀಸೆ ತಿರುವುವವರಿದ್ದಾರೆ. ಅಂಥವರನ್ನು ದೂರ ಇಡಿ.

ಆ ಜಗಳ ಏನಾಯಿತು ಅಂದರೆ, ಚಿತ್ರ ಹಾಕಿದವನು ಎಸ್‌ಜಿ-1000 ಅಂದ. ಹುಬ್ಬಳ್ಳಿಯವನಿಗೆ ಪೂರ್ತಿ ಅಂಕ ಹೋಯಿತು. ಚಿಪ್ ಒಂದೇ ಆಗಿದ್ದರೆ ಎರಡು ಉತ್ತರವನ್ನೂ ಒಪ್ಪಬೇಕು ಅಂತ ಹೊಸ ನಿಯಮಕ್ಕೆ ಅರ್ಜಿ ಹಾಕಿದ್ದೇನೆ. ಇನ್ನೂ ಯಾರೂ ಕೈ ಎತ್ತಿಲ್ಲ.