ಮೈಕ್ರೋಸ್ಕೋಪಿನ ಕೆಟ್ಟ ಆಬ್ಜೆಕ್ಟಿವ್ ಬಿಚ್ಚುವುದು ಹೇಗೆ?

ಕಾರವಾರ, ಕುಮಟಾ, ಹೊನ್ನಾವರದ ಕಡೆ ಮಳೆಗಾಲ ಹಿಡಿಯಿತೆಂದರೆ ಮನೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕೂರುವುದಿಲ್ಲ. ಆ ತೇವಕ್ಕೆ ಮಸೂರಗಳಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಘಟ್ಟದ ಮೇಲೆ ಶಿರಸಿಯಲ್ಲಿ ಕಡಲ ಉಪ್ಪುಗಾಳಿ ಇಲ್ಲ, ತೇವ ಮಾತ್ರ ಅಷ್ಟೇ ಇದೆ. ಬೇಸರವಾಗುವುದು ಮುಂದಿನದ್ದಕ್ಕೆ. ಒಂದು ಆಬ್ಜೆಕ್ಟಿವ್, ಅಂದರೆ ಸ್ಲೈಡಿನ ಕಡೆ ಇರುವ ಮಸೂರದ ಕೊಳವೆ, ಮಂಕಾಯಿತು ಅಂತ ಕಾಲೇಜುಗಳಲ್ಲಿ ಇಡೀ ಮೈಕ್ರೋಸ್ಕೋಪನ್ನೇ ಕಪಾಟಿನ ಮೂಲೆಗೆ ತಳ್ಳುತ್ತಾರೆ. ಉಳಿದ ಮೂರು ಚೆನ್ನಾಗಿಯೇ ಇರುತ್ತವೆ. ಕತ್ತಲಲ್ಲಿ, ಗಾಳಿ ಆಡದ ಜಾಗದಲ್ಲಿ ಕೂತು ಅವಕ್ಕೂ ಬೂಷ್ಟು ಹಬ್ಬುತ್ತದೆ. ಕಾಳಿ ನದಿಯ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲಾಂಕ್ಟನ್, ಅಡಿಕೆ ಕೊಳೆರೋಗದ ಬೀಜಕಣ ನೋಡಬೇಕಾದ ಮಕ್ಕಳು ಉಳಿದ ಒಂದೆರಡು ಯಂತ್ರಗಳ ಮುಂದೆ ಸಾಲು ನಿಲ್ಲುತ್ತಾರೆ.

ಕೆಟ್ಟ ಆಬ್ಜೆಕ್ಟಿವ್ ತೆಗೆಯಲು ಹತಾರ ಬೇಡ, ಪಟ್ಟಣದಿಂದ ಮೆಕ್ಯಾನಿಕ್ ಬರುವುದೂ ಬೇಡ. ಬೆರಳು ಎಲ್ಲಿ ಇಡಬೇಕು ಅಂತ ಗೊತ್ತಿದ್ದರೆ ಸಾಕು.

ಕೆಟ್ಟಿದ್ದು ಯಾವುದು?

ಬಿಚ್ಚುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ನೋಡುತ್ತಾ ಇರುವಾಗಲೇ ಐಪೀಸನ್ನು, ಅಂದರೆ ಕಣ್ಣಿಡುವ ಮಸೂರವನ್ನು, ಮೆಲ್ಲಗೆ ತಿರುಗಿಸಿ. ಕಲೆ ಜೊತೆಗೇ ತಿರುಗಿದರೆ ಕೊಳೆ ಐಪೀಸಿನದ್ದು. ಸ್ಲೈಡ್ ಸರಿಸಿದಾಗ ಕಲೆಯೂ ಸರಿದರೆ ಅದು ಸ್ಲೈಡಿನದ್ದು. ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಮೇಲೆ ಕೆಳಗೆ ಮಾಡಿದಾಗ ಕಲೆ ಮೂಡಿ ಮಾಯವಾದರೆ ದೂಳು ಕೆಳಗಿನ ಗಾಜುಗಳ ಮೇಲಿದೆ.

ಆಬ್ಜೆಕ್ಟಿವ್ ಕೆಟ್ಟರೆ ಹೀಗೆ ಎದ್ದು ಕಾಣುವ ಕಲೆ ಬೀಳುವುದೇ ಅಪರೂಪ. ಇಡೀ ನೋಟ ಮಂಜು ಕವಿದ ಹಾಗಿರುತ್ತದೆ. ಎಷ್ಟು ಫೋಕಸ್ ಮಾಡಿದರೂ ಅಂಚುಗಳು ಚೂಪಾಗುವುದಿಲ್ಲ. ಬೇರೆ ಆಬ್ಜೆಕ್ಟಿವ್‌ಗೆ ತಿರುಗಿಸಿದ ಕೂಡಲೇ ನೋಟ ತಿಳಿಯಾದರೆ ಕೆಟ್ಟಿದ್ದು ಮೊದಲಿನದ್ದೇ.

ಇಲ್ಲೂ ಎರಡು ಮೋಸ ಇವೆ. 40ರ, ಅಂದರೆ 40 ಪಟ್ಟು ದೊಡ್ಡದಾಗಿ ತೋರಿಸುವ ಆಬ್ಜೆಕ್ಟಿವ್ ಮಂಕಾಗಿದ್ದರೆ, 100ರಲ್ಲಿ ನೋಡಲು ಸ್ಲೈಡಿನ ಮೇಲೆ ಹಾಕಿದ ಎಣ್ಣೆ ಅದರ ಮೂತಿಗೆ ಮೆತ್ತಿರುವ ಸಾಧ್ಯತೆಯೇ ಜಾಸ್ತಿ. ಲೆನ್ಸ್ ಪೇಪರಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಮ್ಮೆ ಒರೆಸಿ ನೋಡಿ. ಸ್ಲೈಡ್ ತಲೆಕೆಳಗಾಗಿ ಇಟ್ಟರೂ 40ರಲ್ಲಿ ಚಿತ್ರ ಕೂರುವುದಿಲ್ಲ. ಸ್ಲೈಡಿನ ಗಾಜು ಸುಮಾರು 1 ಮಿ.ಮೀ. ದಪ್ಪ. 40ರ ಮೂತಿಗೂ ಸ್ಲೈಡಿಗೂ ನಡುವೆ ಇರುವ ಜಾಗವೇ ಅದಕ್ಕಿಂತ ಕಡಿಮೆ. ಸರಿಯಾಗಿಯೇ ಇರುವ ಮಸೂರವನ್ನು ಕೆಟ್ಟಿದೆ ಅಂತ ಬಿಚ್ಚಿಡುವುದು ಹೀಗೇ.

ಬಿಚ್ಚುವ ಕೆಲಸ

ಪ್ಲಗ್ ತೆಗೆಯಿರಿ. ಹ್ಯಾಲೋಜನ್ ದೀಪವಾದರೆ ಪೂರ್ತಿ ತಣಿಯಲಿ. ಸ್ಲೈಡ್ ತೆಗೆದು, ಅದನ್ನು ಇಡುವ ಹಲಗೆಯನ್ನು, ಅಂದರೆ ಸ್ಟೇಜನ್ನು ತಳದವರೆಗೆ ಇಳಿಸಿ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಹತ್ತಿಬಟ್ಟೆ ಹಾಸಿ. ಜಾರಿದರೆ ಬಟ್ಟೆ ಮೇಲೆ ಬೀಳಲಿ. ಕೈ ತೊಳೆದು ಒರೆಸಿಕೊಳ್ಳಿ. ನಮ್ಮ ಕಡೆ ಬೆವರು ಸುಮ್ನೆ ಬಿಡುವುದಿಲ್ಲ, ಬೆರಳಚ್ಚೇ ಮುಂದೆ ಬೂಷ್ಟಿಗೆ ಮೇವು.

ಕೆಟ್ಟ ಆಬ್ಜೆಕ್ಟಿವ್ ಕೈಗೆ ಸಲೀಸಾಗಿ ಸಿಗುವ ಹಾಗೆ, ಆಬ್ಜೆಕ್ಟಿವ್ ಎಲ್ಲ ಕೂತಿರುವ ಚಕ್ರವನ್ನು, ಅಂದರೆ ನೋಸ್‌ಪೀಸನ್ನು ತಿರುಗಿಸಿ. ತಿರುಗಿಸುವಾಗ ಅದರ ಬಳೆಯನ್ನೇ ಹಿಡಿಯಿರಿ, ಆಬ್ಜೆಕ್ಟಿವ್ ಹಿಡಿದು ನೂಕಬೇಡಿ.

ಈಗ ಹಿಡಿತ. ಎಡಗೈಯಲ್ಲಿ ನೋಸ್‌ಪೀಸಿನ ಬಳೆಯನ್ನು ಅಲುಗಾಡದಂತೆ ಹಿಡಿಯಿರಿ. ಬಲಗೈಯ ಮೂರು ಬೆರಳು ಆಬ್ಜೆಕ್ಟಿವ್‌ನ ಬುಡಕ್ಕೆ, ಅಂದರೆ ನೋಸ್‌ಪೀಸಿಗೆ ತಾಗಿರುವ ದಪ್ಪ ಕತ್ತಿಗೆ ಬರಬೇಕು. ಕೆಳಗಿನ ಕೊಳವೆ ಹಿಡಿದು ತಿರುಗಿಸಿದರೆ ಎಷ್ಟೋ ಸಲ ಆ ಕೊಳವೆಯೇ ಕಳಚಿಕೊಳ್ಳುತ್ತದೆ. ಒಳಗಿನ ಸ್ಪ್ರಿಂಗು, ಮಸೂರದ ಗೂಡು ಹೊರಗೆ ಬರುತ್ತವೆ. 40 ಮತ್ತು 100ರಲ್ಲಿ ಮೂತಿ ಒಳಗೆ ಜಗ್ಗುವ ಸ್ಪ್ರಿಂಗ್ ಇರುವುದರಿಂದ ಇನ್ನೂ ಎಚ್ಚರ ಬೇಕು.

ದಿಕ್ಕಿನಲ್ಲಿ ಬಹಳ ಜನ ತಪ್ಪುತ್ತಾರೆ. ಕೆಳಗಿನಿಂದ ಮೂತಿ ನೋಡುತ್ತಾ ತಿರುಗಿಸಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಕುರ್ಚಿ ಮೇಲೆ ಕೂತು ಮೇಲಿನಿಂದ ನೋಡಿದರೆ ಅದೇ ತಿರುವು ಮುಳ್ಳಿನ ದಿಕ್ಕಿನಲ್ಲಿ ಕಾಣುತ್ತದೆ. ಅರ್ಧಂಬರ್ಧ ಗೊತ್ತಿದ್ದು ಬಲ ಹಾಕಿದರೆ ಇನ್ನಷ್ಟು ಬಿಗಿಯಾಗುತ್ತದೆ, ಆದ್ದರಿಂದ ಮೊದಲು ದಿಕ್ಕು ಗಟ್ಟಿ ಮಾಡಿಕೊಳ್ಳಿ. ಥ್ರೆಡ್ ಇರುವುದು ಐದಾರು ಸುತ್ತು ಮಾತ್ರ. ಒಮ್ಮೆ ಸಡಿಲವಾದ ಕೂಡಲೇ ಎಡಗೈಯನ್ನು ಬಳೆಯಿಂದ ಬಿಡಿಸಿ ಆಬ್ಜೆಕ್ಟಿವ್ ಕೆಳಗೆ ಅಂಗೈ ಒಡ್ಡಿ. ಕೊನೆ ಸುತ್ತಿನಲ್ಲಿ ಅದು ಸದ್ದಿಲ್ಲದೆ ಕೈಗೆ ಬೀಳುತ್ತದೆ.

ಮಿಸುಕದೇ ಇದ್ದರೆ?

ಕರಾವಳಿಯಲ್ಲಿ ಇದೇ ಹೆಚ್ಚು. ಹಿತ್ತಾಳೆಯ ಥ್ರೆಡ್ಡಿಗೆ ಹಸಿರು ಕಿಲುಬು ಹಿಡಿದು, 100ಕ್ಕೆ ಹಾಕುವ ಸೀಡರ್ ಎಣ್ಣೆ ಒಣಗಿ ಅದೂ ಸೇರಿ ಅಂಟಿಕೊಂಡಿರುತ್ತದೆ. ಹಳೆ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಬುಡಕ್ಕೆ ಸುತ್ತಿ. ಕೈ ಜಾರುವುದಿಲ್ಲ, ಲೋಹಕ್ಕೆ ಗೀರೂ ಬೀಳುವುದಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚುವ ಕಡೆ ತಿರುಗಿಸಿ. ಕಿಲುಬಿನ ಹಿಡಿತ ಅಲ್ಲೇ ಒಡೆಯುತ್ತದೆ.

ಕಟಿಂಗ್ ಪ್ಲೇಯರ್ ಮುಟ್ಟಲೇಬೇಡಿ. ಬುಡ ಚಪ್ಪಟೆಯಾದರೆ ಆಬ್ಜೆಕ್ಟಿವ್ ಜೊತೆ ನೋಸ್‌ಪೀಸಿನ ಥ್ರೆಡ್ಡೂ ಹೋಯಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಅದು ಒಳಗಿನ ಗಾಜಿಗೆ ಪೊರೆ ಕಟ್ಟುತ್ತದೆ. ಬಿಸಿ ಮಾಡುವುದೂ ಬೇಡ. ಹಳೆ ಮಸೂರಗಳನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಜೋಡಿಸಿರುತ್ತಾರೆ, ಕಾವಿಗೆ ಅದು ಮೆತ್ತಗಾಗುತ್ತದೆ. ರಬ್ಬರ್ ಪಟ್ಟಿಗೂ ಬಗ್ಗದಿದ್ದರೆ ಅಲ್ಲಿಗೆ ನಿಲ್ಲಿಸಿ, ರಿಪೇರಿಯವರಿಗೆ ಬಿಡಿ.

ಕೈಗೆ ಬಂದ ಮೇಲೆ

ಮೊದಲ ಕೆಲಸ, ಖಾಲಿಯಾದ ತೂತು ಮುಚ್ಚುವುದು. ಹೊಸ ಯಂತ್ರದ ಜೊತೆ ಪ್ಲಾಸ್ಟಿಕ್ ಮುಚ್ಚಳ ಬಂದಿರುತ್ತದೆ, ಹುಡುಕಿ. ತೆರೆದಿಟ್ಟರೆ ದೂಳು ಒಳಗಿನ ಪ್ರಿಸಂವರೆಗೂ ಹೋಗುತ್ತದೆ. ಮೈಕ್ರೋಸ್ಕೋಪ್ ಉಳಿದ ಮೂರರ ಜೊತೆ ಅದೇ ದಿನ ಕೆಲಸಕ್ಕೆ ಬರುತ್ತದೆ.

ಬಿಚ್ಚಿದ್ದನ್ನು ಬೆಳಕಿಗೆ ಹಿಡಿಯಿರಿ. ಒಂದು ಐಪೀಸ್ ತೆಗೆದು ತಲೆಕೆಳಗು ಮಾಡಿ, ಕಣ್ಣಿಡುವ ತುದಿಯನ್ನು ಮೂತಿಯ ಹತ್ತಿರ ತಂದು ನೋಡಿದರೆ ಒಳ್ಳೆ ಭೂತಗನ್ನಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಕಾಮನಬಿಲ್ಲಿನ ಬಣ್ಣದ ಉಂಗುರ ಕಂಡರೆ ಅಂಟು ಬಿಟ್ಟಿದೆ. ಮೂತಿ ಬಿರುಕು ಬಿಟ್ಟಿದ್ದರೆ ಬೆರಳು ಆಡಿಸಬೇಡಿ, ಚೂರು ಚುಚ್ಚುತ್ತದೆ. ಒಳಗಿನ ಬೂಷ್ಟು ತೆಗೆಯುವ ಆಸೆಗೆ ಆಬ್ಜೆಕ್ಟಿವನ್ನೇ ಬಿಚ್ಚಬೇಡಿ. ಒಳಗಿನ ಮಸೂರಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಕೂರಿಸಲು ಬರುವುದಿಲ್ಲ. ಬೂಷ್ಟಿನದನ್ನು ಬೇರೆ ಚೀಲದಲ್ಲಿ ಕಟ್ಟಿ, ಚೀಟಿ ಬರೆದು, ಒಳ್ಳೆಯವುಗಳಿಂದ ದೂರ ಇಡಿ.

ಹೊಸದನ್ನು ತರಿಸುವಾಗ ಹಳೆಯದರ ಮೈಮೇಲಿನ ಬರಹ ನೋಡಿ. ಥ್ರೆಡ್ಡಿನ ಅಳತೆ ಬಹುಪಾಲು ಕಾಲೇಜು ಯಂತ್ರಗಳಲ್ಲಿ ಒಂದೇ. ಲಂಡನ್ನಿನ ಮೈಕ್ರೋಸ್ಕೋಪಿಕಲ್ ಸೊಸೈಟಿ 1858ರಲ್ಲಿ ಗೊತ್ತು ಮಾಡಿದ್ದು, ಸುಮಾರು 20 ಮಿ.ಮೀ. ಅಗಲ, ಇಂಚಿಗೆ 36 ಸುತ್ತು. 160/0.17 ಎಂದು ಬರೆದಿದ್ದರೆ (ಯಂತ್ರದ ಕೊಳವೆಯ ಉದ್ದ ಮತ್ತು ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ದಪ್ಪ, ಮಿ.ಮೀ.ನಲ್ಲಿ) ಹೊಸದರಲ್ಲೂ ಅದೇ ಇರಬೇಕು. 160ರ ಜಾಗದಲ್ಲಿ ಅನಂತದ ಚಿಹ್ನೆ ಇದ್ದರೆ ಅದು ಬೇರೆ ಜಾತಿ, ಬೆರೆಸಬೇಡಿ. ಉದ್ದವನ್ನೂ ಹೋಲಿಸಿ. ಉದ್ದ ಜಾಸ್ತಿ ಇರುವುದನ್ನು ಹಾಕಿ ತಿರುಗಿಸಿದರೆ ಮೂತಿ ಸ್ಲೈಡಿಗೆ ಗುದ್ದುತ್ತದೆ. ಹರಿಯಾಣದ ಅಂಬಾಲಾದಲ್ಲಿ ಇವನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಕೂರಿಸುವಾಗ ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಥ್ರೆಡ್ಡಿನ ಬಾಯಿ ಬಾಯಿಗೆ ಸೇರಿದಾಗ ಸಣ್ಣ ಟಿಕ್ ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿ ಮಾಡಿ, ಬೆರಳ ಬಲ ಸಾಕು. 10ರಲ್ಲಿ ಫೋಕಸ್ ಮಾಡಿ, ಬದಿಯಿಂದ ಕಣ್ಣಿಟ್ಟು, ಹೊಸದಕ್ಕೆ ತಿರುಗಿಸಿ.

ಕಪಾಟಿಗೆ ಕಾವು ಕೊಡುವ ಒಂದು ಸಣ್ಣ ಬಲ್ಬ್ ಹಾಕಿದರೆ ಒಳಗೆ ತೇವ ಕೂರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ ಅಲ್ವಾ? ಜೊತೆಗೆ ನೀಲಿ ಸಿಲಿಕಾ ಜೆಲ್ ಇಡಿ. ಗುಲಾಬಿಗೆ ತಿರುಗಿದ ದಿನ ಪ್ರಯೋಗಾಲಯದ ಓವನ್ನಿನಲ್ಲಿ ಒಣಗಿಸಿ ಮತ್ತೆ ಇಡಬೇಕು.