ಕಡಿಮೆ ಆಕ್ಸಿಜನ್‌ನಲ್ಲಿ ಮೆದುಳಿನ ರಕ್ತ, ಹೃದಯದ ಬಡಿತ: ನಾನು ಅಳೆಯುವ ಬಗೆ

ಆಕ್ಸಿಜನ್ ಕಡಿಮೆ ಇರುವ ಕೋಣೆಯಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ಕೆಲವು ದಿನ ಇರಿಸಿ, ಅವರ ಮೆದುಳಿಗೆ ಹೋಗುವ ರಕ್ತವನ್ನೂ ಹೃದಯದ ಬಡಿತವನ್ನೂ ಅಳೆಯುವುದು ನನ್ನ ಕೆಲಸ. ಕೋಣೆಗೆ ನೈಟ್ರೋಜನ್ ಬೆರೆಸಿ ಆಕ್ಸಿಜನ್ ಅನ್ನು ಶೇ. 21ರಿಂದ ಶೇ. 12ಕ್ಕೆ ಇಳಿಸುತ್ತೇವೆ. ಉಸಿರಿಗೆ ಸಿಗುವ ಆಕ್ಸಿಜನ್ ಲೆಕ್ಕದಲ್ಲಿ ಇದು ಸುಮಾರು 4,300 ಮೀಟರ್ ಎತ್ತರದ ಬೆಟ್ಟಕ್ಕೆ ಸಮ.

ಹೊಸಬರು ಕೆಲಸ ಕಲಿಯಲು ಬಂದರೆ ನಾನು ಮೊದಲು ತೋರಿಸುವುದು ಶಬ್ದದ ಅಲೆಗಳಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ಯಂತ್ರ ಅಲ್ಲ. ಬಿಡುವ ಉಸಿರಿನಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ ಎಂದು ಅಳೆಯುವ ಯಂತ್ರ. ಆಕ್ಸಿಜನ್ ಕಡಿಮೆಯಾದಾಗ ಮೆದುಳಿನ ರಕ್ತನಾಳಗಳು ಹಿಗ್ಗುತ್ತವೆ. ಅದೇ ಹೊತ್ತಿಗೆ ಉಸಿರಾಟವೂ ಜಾಸ್ತಿಯಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಅದು ಇಳಿದರೆ ಅವೇ ನಾಳಗಳು ಕುಗ್ಗುತ್ತವೆ. ಈ ಹಗ್ಗಜಗ್ಗಾಟದಲ್ಲಿ ಯಾವುದು ಗೆದ್ದಿತು ಎನ್ನುವುದೇ ಡಾಪ್ಲರ್ ಪರದೆಯ ಮೇಲೆ ಕಾಣುವುದು. ಒಂದು ಬದಿಯನ್ನು ಅಳೆಯದೆ ಇನ್ನೊಂದನ್ನು ಹೇಗೆ ಅರ್ಥಮಾಡಿಕೊಳ್ಳುವುದು? ಕಾರ್ಬನ್ ಡೈಆಕ್ಸೈಡ್ ಬರೆದಿಲ್ಲದ ದಾಖಲೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡಾಪ್ಲರ್‌ನ ಪ್ರೋಬ್, ಅಂದರೆ ಚರ್ಮಕ್ಕೆ ತಾಗಿಸಿ ಹಿಡಿಯುವ ಭಾಗ, ಇಡುವುದು ಕಣತಲೆಯ ಹತ್ತಿರ, ಕಿವಿಯ ಸ್ವಲ್ಪ ಮುಂದೆ. ಅಲ್ಲಿ ಮೂಳೆ ತೆಳು. ಸುಮಾರು 50 ಮಿಲಿಮೀಟರ್ ಆಳದಲ್ಲಿ ಮೆದುಳಿನ ಮಧ್ಯದ ಅಪಧಮನಿ ಸಿಗುತ್ತದೆ. ಕೆಲವರ ಮೂಳೆ ದಪ್ಪ, ಎಷ್ಟು ಜೆಲ್ ಹಚ್ಚಿದರೂ ಸಂಕೇತ ಬರುವುದಿಲ್ಲ. ಸಂಕೇತ ಸಿಕ್ಕ ಜಾಗ, ಆಳ, ಪ್ರೋಬ್‌ನ ಕೋನ ಎಲ್ಲವನ್ನೂ ಬರೆದಿಡುತ್ತೇನೆ, ಮರುದಿನ ಅದೇ ಜಾಗ ಬೇಕಲ್ವಾ! ಬೆಳಗ್ಗೆ ಒಂದೇ ಹೊತ್ತಿಗೆ, ಕಾಫಿ ಕುಡಿಯುವ ಮೊದಲು, ಸ್ವಲ್ಪ ಹೊತ್ತು ಸುಮ್ನೆ ಮಲಗಿಸಿ ಅಳೆಯುತ್ತೇನೆ. ಕಾಫಿಯಲ್ಲಿರುವ ಕೆಫೀನ್ ಮೆದುಳಿನ ರಕ್ತದ ಹರಿವನ್ನು ತಗ್ಗಿಸುತ್ತದೆ.

ಒಂದು ಎಚ್ಚರಿಕೆ. ಡಾಪ್ಲರ್ ಹೇಳುವುದು ರಕ್ತದ ವೇಗವನ್ನು ಮಾತ್ರ, ಪ್ರಮಾಣವನ್ನಲ್ಲ. ಆಕ್ಸಿಜನ್ ತುಂಬಾ ಇಳಿದಾಗ ಆ ಅಪಧಮನಿಯೇ ಅಗಲವಾಗಬಹುದು. ಆಗ ವೇಗ ಅಷ್ಟೇನೂ ಏರದಿದ್ದರೂ ಹರಿಯುವ ರಕ್ತ ಜಾಸ್ತಿ ಇರುತ್ತದೆ. ಅದಕ್ಕೇ ಕುತ್ತಿಗೆಯ ನಾಳಗಳ ಅಗಲವನ್ನೂ ವೇಗವನ್ನೂ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತೇನೆ.

ಮೊದಲ ಒಂದೆರಡು ದಿನ ಮೆದುಳಿನ ಹರಿವು ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. 1966ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಜಾನ್ ಸೆವರಿಂಗ್‌ಹಾಸ್ ಮತ್ತು ಸಂಗಡಿಗರು 3,810 ಮೀಟರ್ ಎತ್ತರದಲ್ಲಿ ಅಳೆದು ಪ್ರಕಟಿಸಿದ್ದೂ ಇದನ್ನೇ: 6ರಿಂದ 12 ಗಂಟೆಯೊಳಗೆ ಶೇ. 24 ಏರಿಕೆ, 3ರಿಂದ 5 ದಿನಕ್ಕೆ ಅದು ಶೇ. 13. ಹರಿವು ಇಳಿದರೆ ಮೆದುಳು ಸೋತಿತು ಎಂದಲ್ಲ. ಅಷ್ಟರಲ್ಲಿ ಉಸಿರಾಟ ಇನ್ನಷ್ಟು ಹೆಚ್ಚಿ ರಕ್ತದ ಆಕ್ಸಿಜನ್ ಸುಧಾರಿಸಿರುತ್ತದೆ. ರಕ್ತದ ನೀರಿನಂಶ ಕಡಿಮೆಯಾಗಿ ಹಿಮೋಗ್ಲೋಬಿನ್ ಸಾಂದ್ರವಾಗಿರುತ್ತದೆ. ಕಡಿಮೆ ರಕ್ತದಲ್ಲೇ ಬೇಕಾದಷ್ಟು ಆಕ್ಸಿಜನ್ ತಲುಪುತ್ತದೆ. ದೇಹ ಇಷ್ಟು ಚೊಕ್ಕವಾಗಿ ಲೆಕ್ಕ ಹೊಂದಿಸಿಕೊಳ್ಳುವುದನ್ನು ನೋಡುವುದೇ ನನಗೆ ಈ ಕೆಲಸದ ದೊಡ್ಡ ಖುಷಿ.

ಹೃದಯದ ಬಡಿತ ಬೇರೆ ದಾರಿ ಹಿಡಿಯುತ್ತದೆ. ಮೊದಲ ನಿಮಿಷಗಳಲ್ಲೇ ಏರುತ್ತದೆ, ಮೆದುಳಿನ ಹರಿವು ಇಳಿಯತೊಡಗಿದ ಮೇಲೂ ಮೊದಲಿಗಿಂತ ಜಾಸ್ತಿಯೇ ಉಳಿಯುತ್ತದೆ. ವಾರಗಟ್ಟಲೆ ಇದ್ದವರಲ್ಲಿ ಪೂರ್ತಿ ದಣಿಯುವಷ್ಟು ವ್ಯಾಯಾಮ ಮಾಡಿಸಿದಾಗ ಮಾತ್ರ ಬಡಿತದ ಗರಿಷ್ಠ ಮಿತಿ ತಗ್ಗಿರುತ್ತದೆ. ಇಲ್ಲೂ ಉಸಿರಿನ ಕೈವಾಡ ಇದೆ. ಆಕ್ಸಿಜನ್ ಕೊರತೆಯನ್ನು ಗುರುತಿಸುವ, ಕುತ್ತಿಗೆಯಲ್ಲಿರುವ ಪುಟ್ಟ ಅಂಗ ಕ್ಯಾರೊಟಿಡ್ ಬಾಡಿ ನೇರವಾಗಿ ಮಾಡುವುದು ಬಡಿತವನ್ನು ನಿಧಾನಗೊಳಿಸುವ ಕೆಲಸ. ಶ್ವಾಸಕೋಶ ಚೆನ್ನಾಗಿ ಹಿಗ್ಗಿ ಕುಗ್ಗುತ್ತಿದ್ದರೆ ಆ ಪರಿಣಾಮ ಮರೆಯಾಗಿ ಬಡಿತ ಏರುತ್ತದೆ. ರಾತ್ರಿಯ ದಾಖಲೆಯಲ್ಲಿ ಇದು ಎದ್ದು ಕಾಣುತ್ತದೆ: ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡ್ ನಿಂತಾಗ ಬಡಿತ ಇಳಿಯುತ್ತದೆ, ಉಸಿರು ಮರಳಿದಾಗ ಚಂಗನೆ ಏರುತ್ತದೆ. ಹಾಗಾಗಿ ರಾತ್ರಿಯ ಸರಾಸರಿ ಬಡಿತ ಒಂದನ್ನೇ ನೋಡಿ ತೀರ್ಮಾನಿಸಬಾರದು.

ತಲೆನೋವು ಜೋರಾದರೆ, ನಡಿಗೆ ತಡವರಿಸಿದರೆ ಅಂಕಿಗಳಿಗಾಗಿ ಕಾಯದೆ ಹೊರಗೆ ಕರೆತರುತ್ತೇವೆ. ಇಲ್ಲದಿದ್ದರೆ ಯೋಜನೆಯಂತೆ ಮುಗಿಸುತ್ತೇವೆ. ಹೊರಬಂದ ಮೇಲೂ ಅಳತೆ ನಿಲ್ಲುವುದಿಲ್ಲ. ಒಳ್ಳೆಯ ಗಾಳಿ ಸಿಕ್ಕಿದ ಕೂಡಲೇ ಬಡಿತ ಇಳಿಯತೊಡಗುತ್ತದೆ, ಉಸಿರಾಟ ಮಾತ್ರ ಇನ್ನೂ ಸ್ವಲ್ಪ ಕಾಲ ಜೋರಾಗಿಯೇ ಇರುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಕಡಿಮೆ, ಆದರೆ ನಾಳಗಳನ್ನು ಹಿಗ್ಗಿಸುವ ಆಕ್ಸಿಜನ್ ಕೊರತೆ ಇಲ್ಲ. ಮೆದುಳಿನ ಹರಿವು ಕೋಣೆಗೆ ಹೋಗುವ ಮೊದಲಿನ ಅಳತೆಗಿಂತಲೂ ಕೆಳಗಿಳಿಯಬಹುದು. ಉಸಿರು ಮಾಮೂಲಿಗೆ ಬರುವ ತನಕ ನಾನು ಕೊನೆಯ ಅಳತೆ ತೆಗೆದುಕೊಳ್ಳುವುದಿಲ್ಲ.