ದುಃಖದ ಮನೆಯಲ್ಲಿ 13ನೇ ಕೀರ್ತನೆ

ಬೀದರ್ ಕಡೆಯ ಕ್ರೈಸ್ತರ ಮನೆಯಲ್ಲಿ ಸಾವಾದರೆ ಬಂದವರು ಮೊದಲು ಹೇಳುವುದು, 'ಅಳಬ್ಯಾಡ್ರಿ, ದೇವರ ಚಿತ್ತ'. ಅಳಲಿ ಬಿಡಿ. ಸತ್ತಿದ್ದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸಲು ಹೊರಟ ಯೇಸುವೂ ಕಣ್ಣೀರಿಟ್ಟನು (ಯೋಹಾನ 11:35).

ಸತ್ಯವೇದದಲ್ಲಿ (ಬೈಬಲ್‌ನಲ್ಲಿ) 13ನೇ ಕೀರ್ತನೆ ತೆಗೆಯಿರಿ, ಬರೀ ಆರು ವಚನ. ಮೊದಲ ಎರಡು ವಚನ ದೇವರ ಮೇಲಿನ ದೂರು: ಇನ್ನೆಷ್ಟು ಕಾಲ? ಅಲ್ಲೇ ನಿಲ್ಲಿ. ತೀರಿಕೊಂಡವರ ಹೆಸರು ಹಿಡಿದು ನಿಮ್ಮ ದೂರನ್ನೂ ಬಾಯಿಬಿಟ್ಟು ಹೇಳಿ. 3-4ನೇ ವಚನ ಬೇಡಿಕೆ. ಒಂದೇ ಒಂದನ್ನು ಕೇಳಿ: ಈ ರಾತ್ರಿಯ ನಿದ್ದೆ, ಇಲ್ಲವೇ ಮಕ್ಕಳ ಶಾಲೆ ಫೀಸು. ಕೊನೆಯ ಎರಡರಲ್ಲಿ ಭರವಸೆ ಇದೆ. ಹಲವರು ನೇರ ಅಲ್ಲಿಗೇ ಹಾರುತ್ತಾರೆ, ಒಳಗಿನ ಸಂಕಟ ಹಾಗೇ ಉಳಿಯುತ್ತದೆ. ನಾಲಿಗೆ ಏಳದಿದ್ದರೆ ಆ ಎರಡನ್ನು ಪಕ್ಕದಲ್ಲಿ ಕೂತವರು ಓದಲಿ. ಚರ್ಚಿನ ಸಭೆ ಇರುವುದೇ ಅದಕ್ಕೆ. ಅದೂ ಭಾರವೆನಿಸಿದ ದಿನ 88ನೇ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ.

ನೋಡಲು ಹೋಗುವವರು ರೊಟ್ಟಿ-ಪಲ್ಯ ಕಟ್ಟಿಕೊಂಡು ಹೋಗಿ, ಉಪದೇಶ ಬೇಡ. ಜನ ಬರುವುದು ನಿಂತ ಮೇಲೆ ಮತ್ತೊಮ್ಮೆ ಹೋಗಿ.

ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಸಾಯುವ ಯೋಚನೆ ಬಂದರೆ ಪಾಸ್ಟರಿಗೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಿ. ಅದು ವಿಶ್ವಾಸದ ಕೊರತೆಯಲ್ಲ.